ಮರಣಭಯ: ಅದು ಏಕೆ ಬರುತ್ತದೆ, ಹೇಗೆ ಹಿಂದೆ ಸರಿಯುತ್ತದೆ?

ಕುರಿಯು ತೋಳವನ್ನು ಕಂಡಾಗ ಅಂಜುತ್ತದೆ; ತೋಳ ಕಣ್ಮರೆಯಾದ ಮೇಲೆ ಮತ್ತೆ ಹುಲ್ಲು ಮೇಯತೊಡಗುತ್ತದೆ. ಮನುಷ್ಯನ ರೀತಿ ಬೇರೆ. ಎದುರಿಗೆ ತೋಳವಿಲ್ಲ, ಮೈಯಲ್ಲಿ ರೋಗವಿಲ್ಲ, ಹೊಟ್ಟೆ ತುಂಬ ಉಂಡು ಬೆಚ್ಚಗೆ ಮಲಗಿದ್ದಾನೆ. ಆದರೂ ಎಂದೋ ಬರಲಿರುವ ಸಾವನ್ನು ನೆನೆದು ಅವನ ಎದೆ ಝಲ್ಲೆನ್ನುತ್ತದೆ. ನಾಳಿನದನ್ನು ಇಂದೇ ಯೋಚಿಸುವ ಬುದ್ಧಿ ಮನುಷ್ಯನಿಗಿದೆ. ಆ ಬುದ್ಧಿಯಿಂದಲೇ ಅವನು ಬಿತ್ತನೆಯ ಬೀಜವನ್ನು ಕಾದಿಡುತ್ತಾನೆ, ಬಾವಿ ತೋಡುತ್ತಾನೆ, ಮಕ್ಕಳನ್ನು ಶಾಲೆಗೆ ಕಳಿಸುತ್ತಾನೆ. ಅದೇ ಬುದ್ಧಿ ಅವನ ಕೊನೆಯನ್ನೂ ಅವನಿಗೆ ಮುಂದಾಗಿ ತೋರಿಸುತ್ತದೆ. ಮರಣಭಯದ ಬೇರು ಇಲ್ಲಿದೆ.

ಕ್ರೀಡೆ, ಪ್ರವಾಸ, ಸ್ನೇಹ ಸಮ್ಮೇಳನಗಳ ವರದಿ ಬರುವ ವಾರ್ಷಿಕ ಸಂಚಿಕೆಯಲ್ಲಿ ಇಂಥ ವಿಷಯವೇಕೆ ಎಂದು ಕೆಲವರು ಕೇಳಬಹುದು. ಅಜ್ಜನ ದಿನಕರ್ಮ ಮುಗಿಸಿಕೊಂಡು ಬಂದ ಬಾಲಕನೂ ಮರುದಿನ ಇದೇ ವರ್ಗದ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಾನೆ. ಅವನ ಮನಸ್ಸಿನಲ್ಲಿ ಎದ್ದ ಪ್ರಶ್ನೆ ಗಣಿತದಲ್ಲಿಯೂ ಬರುವದಿಲ್ಲ, ಭೂಗೋಲದಲ್ಲಿಯೂ ಬರುವದಿಲ್ಲ. ಆದ್ದರಿಂದ ಅದನ್ನು ಇಲ್ಲಿ ನಾಲ್ಕು ಮಾತಿನಲ್ಲಿ ವಿಚಾರ ಮಾಡೋಣ.

ನಮ್ಮ ಮಾತಿನಲ್ಲಿ ಅಡಗಿದ ಅಂಜಿಕೆ

ನಮ್ಮ ಮನೆಗಳಲ್ಲಿ ಆಡುವ ಮಾತನ್ನು ಗಮನಿಸಿರಿ. "ಸತ್ತರು" ಎಂದು ನಾವು ಹೇಳುವದು ಕಡಿಮೆ. ತೀರಿಕೊಂಡರು, ಇಲ್ಲವಾದರು, ದೇವರ ಪಾದ ಸೇರಿದರು, ಲಿಂಗೈಕ್ಯರಾದರು ಎನ್ನುತ್ತೇವೆ. ಹೊರಗೆ ಹೊರಟವನು "ಹೋಗುತ್ತೇನೆ" ಎಂದರೆ ತಾಯಿ ತಡೆದು "ಹೋಗಿ ಬರ್ತೀನಿ ಅನ್ನು" ಎಂದು ತಿದ್ದುತ್ತಾಳೆ. ಬಳೆ ಒಡೆದರೆ "ಬಳೆ ಹೆಚ್ಚಿತು" ಎನ್ನುವದು, ದೀಪ ಆರಿಸುವದಕ್ಕೆ "ದೀಪ ದೊಡ್ಡದು ಮಾಡು" ಎನ್ನುವದು, ರಾತ್ರಿಯ ಹೊತ್ತು ಹಾವನ್ನು "ಹುಳ" ಎನ್ನುವದು ಇವೆಲ್ಲ ಒಂದೇ ಬಗೆಯವು. ಹೆಸರು ಹೇಳದಿದ್ದರೆ ಅದು ಹತ್ತಿರ ಬಾರದೆಂಬ ಆಸೆ ಈ ಮಾತುಗಳ ಹಿಂದೆ ಇದೆ.

ಮಹಾಭಾರತದಲ್ಲಿ ಯಕ್ಷನು ಧರ್ಮರಾಯನಿಗೆ, ಲೋಕದಲ್ಲಿ ಎಲ್ಲಕ್ಕಿಂತ ದೊಡ್ಡ ಆಶ್ಚರ್ಯ ಯಾವದೆಂದು ಕೇಳುತ್ತಾನೆ. ದಿನಾಲು ಜೀವಿಗಳು ಯಮನ ಮನೆಗೆ ಹೋಗುವದನ್ನು ಕಣ್ಣಾರೆ ಕಂಡರೂ ಉಳಿದವರು ತಾವು ಶಾಶ್ವತವೆಂದು ತಿಳಿದಿರುವದೇ ಆಶ್ಚರ್ಯವೆಂದು ಧರ್ಮರಾಯನು ಉತ್ತರಿಸುತ್ತಾನೆ. ಹೀಗೆ ಮನುಷ್ಯನು ಸಾವಿಗೆ ಅಂಜುತ್ತಾನೆ, ಮರುಗಳಿಗೆಗೆ ಅದನ್ನು ಮರೆಯುತ್ತಾನೆ. ಈ ಮರೆವಿನಿಂದಲೇ ದಿನದ ಕೆಲಸಗಳು ನಡೆಯುತ್ತವೆ ಎಂದರೂ ತಪ್ಪಾಗಲಾರದು.

ದೇಹದ ಅಂಜಿಕೆ, ಮನಸ್ಸಿನ ಅಂಜಿಕೆ

ಅಂಜಿಕೆಯಲ್ಲಿ ಎರಡು ಬಗೆಗಳುಂಟು. ಮೊದಲನೆಯದು ದೇಹದ ಅಂಜಿಕೆ. ಕಾಲ ಬಳಿ ಹಾವು ಸರಿದಾಗ ಯೋಚನೆ ಮಾಡುವ ಮೊದಲೇ ನಾವು ಹಿಂದೆ ಜಿಗಿದಿರುತ್ತೇವೆ. ಮೂತ್ರಪಿಂಡಗಳ ಮೇಲಿರುವ ಚಿಕ್ಕ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತದಲ್ಲಿ ಬಿಡುತ್ತವೆ. ಎದೆಯ ಬಡಿತ ಏರುತ್ತದೆ, ಉಸಿರು ಬಿರುಸಾಗುತ್ತದೆ, ಕೈಕಾಲುಗಳ ಸ್ನಾಯುಗಳಿಗೆ ಹೆಚ್ಚು ರಕ್ತ ಹರಿಯುತ್ತದೆ. ಇದು ಹೇಡಿತನವಲ್ಲ; ನಿಸರ್ಗವು ಜೀವದ ರಕ್ಷಣೆಗಾಗಿ ಇಟ್ಟ ಕಾವಲುಗಾರ.

1896ರಲ್ಲಿ ಮುಂಬಯಿಗೆ ಪ್ಲೇಗು ಬಂದು, ಮುಂದೆ ಊರಿಂದೂರಿಗೆ ಹಬ್ಬಿತು. ಇಲಿ ಬಿದ್ದಿತೆಂದರೆ ಜನರು ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂಬದು ಅವರಿಗೆ ಗೊತ್ತಿರಲಿಲ್ಲ. ಆದರೂ ಆ ಅಂಜಿಕೆ ಎಷ್ಟೋ ಜೀವಗಳನ್ನು ಉಳಿಸಿತು. ಅದೇ ಕಾಲಕ್ಕೆ ಮುಂಬಯಿಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದನು. ಅಂಜಿಕೆಗೆ ತಿಳಿವಳಿಕೆ ಕೂಡಿದಾಗ ಅದು ಎಚ್ಚರಿಕೆಯಾಗುತ್ತದೆ.

ಎರಡನೆಯದು ಮನಸ್ಸಿನ ಅಂಜಿಕೆ. ಇದಕ್ಕೆ ಕಾರಣಗಳು ಹಲವು. ಸಾಯುವಾಗ ನೋವಾದೀತೆಂದು ಕೆಲವರು ಅಂಜುತ್ತಾರೆ. ಆಮೇಲೆ ಏನೆಂಬದು ತಿಳಿಯದೆ ಕೆಲವರು ಅಂಜುತ್ತಾರೆ. ನಡುವಯಸ್ಸಿನ ಒಕ್ಕಲಿಗನನ್ನು ಕೇಳಿದರೆ ಅವನು ತನ್ನ ಸಾವಿಗಿಂತ ತೀರದ ಸಾಲಕ್ಕೆ, ಮದುವೆಯಾಗದ ಮಗಳಿಗೆ, ಹಾಸಿಗೆ ಹಿಡಿದ ತಾಯಿಗೆ ಹೆಚ್ಚು ಅಂಜುತ್ತಾನೆ. "ನಾನು ಹೋದರೆ ಇವರ ಗತಿಯೇನು?" ಎಂಬದು ಅವನ ಮರಣಭಯ. ಸರಿಯಾಗಿ ನೋಡಿದರೆ ಅದು ಪ್ರೀತಿಯೇ.

ವಯಸ್ಸಿನಂತೆ ಈ ಅಂಜಿಕೆಯೂ ಬೇರೆಯಾಗುತ್ತದೆ. ಮಾರಿಯಾ ನಾಜಿ ಎಂಬ ಸಂಶೋಧಕಿ ಹಂಗೇರಿ ದೇಶದ ಮಕ್ಕಳನ್ನು ವಿಚಾರಿಸಿ 1948ರಲ್ಲಿ ಒಂದು ಲೇಖನ ಪ್ರಕಟಿಸಿದಳು. ಐದು ವರುಷದೊಳಗಿನ ಮಕ್ಕಳು ಸಾವನ್ನು ನಿದ್ದೆ ಅಥವಾ ಪ್ರವಾಸವೆಂದು ತಿಳಿಯುತ್ತಾರೆ. ಮುಂದೆ ಕೆಲವು ವರುಷ ಅದನ್ನು ಒಬ್ಬ ವ್ಯಕ್ತಿಯೆಂದು ಕಲ್ಪಿಸುತ್ತಾರೆ. ಒಂಬತ್ತು ಹತ್ತು ವರುಷದ ಹೊತ್ತಿಗೆ ಅದು ಎಲ್ಲರಿಗೂ ಬರುವಂಥದು, ಹಿಂದಿರುಗಿ ಬಾರದಂಥದು ಎಂದು ಅರಿಯುತ್ತಾರೆ ಎಂದು ಅವಳು ತಿಳಿಸಿದಳು. ಮುಪ್ಪಿನವರಲ್ಲಿ ಬಹಳ ಜನರಿಗೆ ಈ ಅಂಜಿಕೆ ನಡುವಯಸ್ಸಿನವರಿಗಿಂತ ಕಡಿಮೆಯಿರುವದೂ ಕಂಡುಬಂದಿದೆ. ರಾಶಿ ಮುಗಿಸಿ ಕಣದಿಂದ ಮನೆಗೆ ಬರುವ ರೈತನಿಗೆ ಕತ್ತಲಾಯಿತೆಂಬ ಗಾಬರಿ ಇರುವದಿಲ್ಲ.

ಅಂಜದೆ ನಡೆದವರು

ಇನ್ನು, ಸಾವಿಗೆ ಅಂಜಲಿಲ್ಲವೆಂದು ನಾವು ಹೇಳುವವರನ್ನು ನೋಡೋಣ. ಕಠೋಪನಿಷತ್ತಿನ ನಚಿಕೇತನು ಬಾಲಕ. ಯಮನ ಬಾಗಿಲಲ್ಲಿ ಮೂರು ರಾತ್ರಿ ಉಪವಾಸ ಕಾದು, ಸತ್ತ ಮೇಲೆ ಮನುಷ್ಯನು ಇರುತ್ತಾನೋ ಇಲ್ಲವೋ ಎಂದು ಯಮನನ್ನೇ ಕೇಳಿದನು. ಆನೆ, ಕುದುರೆ, ಬಂಗಾರ, ದೀರ್ಘಾಯುಷ್ಯ ಕೊಡುತ್ತೇನೆಂದರೂ ಪ್ರಶ್ನೆಯನ್ನು ಬಿಡಲಿಲ್ಲ. ಅವನಲ್ಲಿ ತಿಳಿಯಬೇಕೆಂಬ ಹಂಬಲವು ಅಂಜಿಕೆಗಿಂತ ದೊಡ್ಡದಾಗಿತ್ತು. ಕ್ರಿ. ಪೂ. 399ರಲ್ಲಿ ಅಥೆನ್ಸ್ ಪಟ್ಟಣದ ಸಾಕ್ರಟೀಸನಿಗೆ ವಿಷ ಕುಡಿಯುವ ಶಿಕ್ಷೆಯಾಯಿತು. ಸೆರೆಮನೆಯಿಂದ ಪಾರುಮಾಡಲು ಗೆಳೆಯರು ಸಿದ್ಧರಿದ್ದರೂ ಅವನು ಒಪ್ಪಲಿಲ್ಲ. ಸಾವು ಕೆಟ್ಟದೋ ಒಳ್ಳೆಯದೋ ಯಾರಿಗೂ ತಿಳಿಯದು, ತಿಳಿಯದುದಕ್ಕೆ ಅಂಜಿ ತಿಳಿದ ತಪ್ಪನ್ನು ಮಾಡಲಾರೆನೆಂಬದು ಅವನ ವಿಚಾರವಾಗಿತ್ತು. ಪುಣೆಯಲ್ಲಿ 1848ರಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಸಾವಿತ್ರಿಬಾಯಿ ಫುಲೆಯವರು, ಪ್ಲೇಗು ಬಂದಾಗ ಊರು ಬಿಡದೆ ರೋಗಿಗಳ ಶುಶ್ರೂಷೆ ಮಾಡುತ್ತಲೇ 1897ರ ಮಾರ್ಚ್ 10ರಂದು ಅದೇ ರೋಗದಿಂದ ತೀರಿಕೊಂಡರು.

ನಮ್ಮ ಸೊಲ್ಲಾಪುರ ಜಿಲ್ಲೆಯವರಿಗೆ ದೂರದ ಉದಾಹರಣೆಗಳೇ ಬೇಕಾಗಿಲ್ಲ. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಕೇಳಿ ಸೊಲ್ಲಾಪುರದ ಗಿರಣಿ ಕಾರ್ಮಿಕರೂ ನಾಗರಿಕರೂ ಬೀದಿಗಿಳಿದರು. ಗೋಲಿಬಾರು ನಡೆಯಿತು; ಆಮೇಲೆ ಸರಕಾರವು ಊರಿಗೆ ಮಾರ್ಷಲ್ ಲಾ ಹಾಕಿತು. ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ ಹುಸೇನ ಈ ನಾಲ್ವರನ್ನು ಪೊಲೀಸರ ಕೊಲೆಯ ಆರೋಪದ ಮೇಲೆ 1931ರ ಜನವರಿ 12ರಂದು ಪುಣೆಯ ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಅದು ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಹತ್ತಿರ ಬಂದಿದ್ದ ಸಮಯ. ನಾಲ್ವರೂ ಬೇರೆ ಬೇರೆ ಜಾತಿಮತಗಳ ಮನೆಗಳಲ್ಲಿ ಹುಟ್ಟಿದವರು. ಊರಿನ ನಾಲ್ಕು ಹುತಾತ್ಮರ ಚೌಕದಲ್ಲಿ ಅವರ ಹೆಸರು ಕೂಡಿಯೇ ಉಳಿದಿದೆ.

ಡಾ. ದ್ವಾರಕಾನಾಥ ಕೋಟಣೀಸರು 1910ರ ಅಕ್ಟೋಬರ್ 10ರಂದು ಸೊಲ್ಲಾಪುರದಲ್ಲಿ ಹುಟ್ಟಿದರು. ಜಪಾನು ಚೀನದ ಮೇಲೆ ದಂಡೆತ್ತಿ ಬಂದಾಗ, ಗಾಯಾಳುಗಳ ಸೇವೆಗಾಗಿ 1938ರಲ್ಲಿ ಭಾರತದಿಂದ ಹೋದ ಐವರು ವೈದ್ಯರಲ್ಲಿ ಅವರೊಬ್ಬರು. ತಂದೆ ತೀರಿಕೊಂಡ ಸುದ್ದಿ ಅವರಿಗೆ ಚೀನದಲ್ಲಿಯೇ ತಿಳಿಯಿತು. ಆದರೂ ಕೈಗೊಂಡ ಕೆಲಸವನ್ನು ಬಿಟ್ಟು ಬರಲಿಲ್ಲ. ಗುಡ್ಡಗಾಡಿನಲ್ಲಿ, ಔಷಧಿಗಳ ಕೊರತೆಯಲ್ಲಿ, ಯುದ್ಧದ ನಡುವೆ ದಿನರಾತ್ರಿ ಶಸ್ತ್ರಕ್ರಿಯೆ ನಡೆಸಿದರು. ಅದೇ ಪ್ರದೇಶದಲ್ಲಿ ಕೆಲಸ ಮಾಡುತ್ತಿದ್ದ ಕೆನಡಾದ ಡಾ. ನಾರ್ಮನ್ ಬೆಥ್ಯೂನ್ ಅವರು, ಶಸ್ತ್ರಕ್ರಿಯೆಯಲ್ಲಿ ಬೆರಳಿಗಾದ ಗಾಯ ನಂಜೇರಿ 1939ರಲ್ಲಿ ಮಡಿದಿದ್ದರು. ಅವರ ಹೆಸರಿನ ಆಸ್ಪತ್ರೆಗೆ 1941ರಲ್ಲಿ ಕೋಟಣೀಸರು ಮುಖ್ಯಸ್ಥರಾದರು. ತಮಗೆ ಮೂರ್ಛೆರೋಗ ತಗುಲಿದೆಯೆಂದು ವೈದ್ಯರಾದ ಅವರಿಗೆ ಗೊತ್ತಿತ್ತು. ಅಲ್ಲಿಯೇ ಗುವೊ ಚಿಂಗ್‌ಲಾನ್ ಎಂಬ ದಾದಿಯನ್ನು ಮದುವೆಯಾಗಿದ್ದರು. 1942ರಲ್ಲಿ ಮಗ ಹುಟ್ಟಿದ್ದನು. ಅದೇ ವರುಷ ಡಿಸೆಂಬರ್ 9ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಉಳಿದ ನಾಲ್ವರು ಸ್ವದೇಶಕ್ಕೆ ಮರಳಿದರು. ಕೋಟಣೀಸರ ಸಮಾಧಿ ಚೀನದಲ್ಲಿದೆ.

ಇವರಿಗೆ ಎಂದೂ ಎದೆ ನಡುಗಲಿಲ್ಲವೆಂದು ನಾವು ಹೇಗೆ ಹೇಳೋಣ? ದೇಹದ ಅಂಜಿಕೆ ಅವರಿಗೂ ಇದ್ದಿರಬೇಕು. ಹದ್ದು ಎರಗಿದಾಗ ಹೇಂಟೆಗೆ ಅಂಜಿಕೆ ಇಲ್ಲದಿಲ್ಲ. ರೆಕ್ಕೆಯ ಕೆಳಗೆ ಮರಿಗಳಿರುವದರಿಂದ ಅದು ಓಡಿಹೋಗುವದಿಲ್ಲ. ಮರಣಭಯವು ತನ್ನಷ್ಟಕ್ಕೆ ಸಾಯುವದಿಲ್ಲ, ತನಗಿಂತ ದೊಡ್ಡದಾದ ಒಂದು ವಸ್ತು ಮನಸ್ಸಿಗೆ ಬಂದಾಗ ಹಿಂದೆ ಸರಿಯುತ್ತದೆ ಎಂದು ಈ ಉದಾಹರಣೆಗಳಿಂದ ತಿಳಿಯಬಹುದು.

ಒಂದು ಎಚ್ಚರಿಕೆಯ ಮಾತು

ಇಲ್ಲಿ ವಿದ್ಯಾರ್ಥಿಗಳೂ ಪಾಲಕರೂ ಲಕ್ಷ್ಯಗೊಟ್ಟು ಓದಬೇಕಾದ ಮಾತೊಂದಿದೆ. ಈಜು ಬಾರದವನು ಗೆಳೆಯರ ಪಂಥಕ್ಕಾಗಿ ಬಾವಿಗೆ ಹಾರುವದು, ಬರುವ ಗಾಡಿಯನ್ನು ಕಂಡೂ ರೈಲು ಹಳಿ ದಾಟುವದು ಧೈರ್ಯವಲ್ಲ, ಹುಂಬತನ. ಕೋಟಣೀಸರು ಜೀವವನ್ನು ತುಚ್ಛವೆಂದು ತಿಳಿದವರಲ್ಲ. ಜೀವ ಅಮೂಲ್ಯವೆಂದು ತಿಳಿದುದರಿಂದಲೇ ಇನ್ನೊಬ್ಬರ ಜೀವ ಉಳಿಸಲು ದುಡಿದರು.

ಇನ್ನೊಂದು ಮಾತು ಇದಕ್ಕಿಂತ ಗಂಭೀರವಾದುದು. ಮರಣಭಯವನ್ನು ಹಿಂದೆ ಸರಿಸುವ ಶಕ್ತಿ ಪ್ರೀತಿಗೆ ಇರುವಂತೆ ನಾಚಿಕೆಗೂ ಇದೆ. ಹತ್ತನೆಯ ಇಯತ್ತೆಯ ಫಲಿತಾಂಶ ಬಂದ ದಿನಗಳಲ್ಲಿ ಪತ್ರಿಕೆಗಳಲ್ಲಿ ಬರುವ ದುಃಖದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಆ ಮಕ್ಕಳು ಸಾವಿಗೆ ಅಂಜದ ಧೀರರೇನೂ ಆಗಿರಲಿಲ್ಲ. ಅಪ್ಪನ ಮುಖವನ್ನು ಹೇಗೆ ನೋಡಲಿ, ಓಣಿಯವರು ಏನೆಂದಾರು ಎಂಬ ಅಂಜಿಕೆ ಅವರ ಎಳೆಯ ಮನಸ್ಸಿನಲ್ಲಿ ಸಾವಿನ ಅಂಜಿಕೆಗಿಂತ ದೊಡ್ಡದಾಗಿ ಬೆಳೆದಿತ್ತು. ಅದನ್ನು ಅಷ್ಟು ದೊಡ್ಡದಾಗಿ ಬೆಳೆಸಿದವರಲ್ಲಿ ಮನೆಯವರು, ಶಾಲೆಯವರು, ನೆರೆಯವರು ಎಲ್ಲರ ಪಾಲೂ ಇದೆ.

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ. ಕಡಿಮೆ ಗುಣ ಬಂದ ಗುಣಪತ್ರಿಕೆಯನ್ನು ಮಗ ಅಥವಾ ಮಗಳು ಅಂಜದೆ ಮನೆಗೆ ತರುವಂತಿರಲಿ. ಬೈಯುವದಿದ್ದರೆ ಊಟವಾದ ಮೇಲೆ ಬೈಯಿರಿ. ಊಟಕ್ಕೆ ಮಾತ್ರ ಜೊತೆಗೆ ಕೂಡಿಸಿಕೊಳ್ಳಿರಿ. ಪರೀಕ್ಷೆ ಮತ್ತೆ ಬರುತ್ತದೆ. ಮನೆಯಲ್ಲಿ ಹಿರಿಯರು ತೀರಿಕೊಂಡಾಗ "ಊರಿಗೆ ಹೋಗಿದ್ದಾರೆ" ಎಂದು ಮಕ್ಕಳಿಗೆ ಸುಳ್ಳು ಹೇಳಬೇಡಿರಿ. ಅವರ ವಯಸ್ಸಿಗೆ ತಕ್ಕಂತೆ ಇದ್ದುದನ್ನು ತಿಳಿಸಿರಿ. ಅಳು ಬಂದರೆ ಅಳಲಿ.

ವಿದ್ಯಾರ್ಥಿಗಳೇ, ಬದುಕು ಬೇಡವೆನ್ನಿಸುವ ಗಳಿಗೆ ಯಾರಿಗಾದರೂ ಬಂದೀತು. ಆಗ ಒಬ್ಬರೇ ಕುಳಿತುಕೊಳ್ಳಬೇಡಿರಿ. ತಾಯಿಗೆ ಹೇಳಿರಿ, ಅಣ್ಣನಿಗೆ ಹೇಳಿರಿ, ಗೆಳೆಯನಿಗೆ ಹೇಳಿರಿ. ಅವರಿಗೆ ಹೇಳಲಾಗದಿದ್ದರೆ ನಮ್ಮಲ್ಲಿ ಯಾವ ಗುರುಗಳ ಹತ್ತಿರವಾದರೂ ಬನ್ನಿರಿ. ಶಾಲೆ ಬಿಟ್ಟ ಮೇಲೆ ಬಂದರೂ ನಡೆಯುತ್ತದೆ, ಮನೆಗೆ ಬಂದರೂ ನಡೆಯುತ್ತದೆ. ನಿಮ್ಮ ಗುಣ ಎಷ್ಟೆಂದು ನಾವು ಆಗ ಕೇಳುವದಿಲ್ಲ.