ಮಂಗಳದ ದಾರಿಯಲ್ಲಿ ಅಂಗಡಿ ಇಲ್ಲ

ಪಂಪಿನ ವಾಷರ್ ಹೋದರೆ ಏನು ಮಾಡ್ತೀರಿ? ಪೇಟೆಗೆ ಹೋಗಿ ತರ್ತೀರಿ. ಆಕಾಶದಲ್ಲಿ ಇರುವವರು ಎಲ್ಲಿಗೆ ಹೋಗಬೇಕು?

ನಮ್ಮ ತಲೆಯ ಮೇಲೆ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುತ್ತಿದೆ. ಅಲ್ಲಿ ಜನ ಇದ್ದು ಕೆಲಸ ಮಾಡುತ್ತಾರೆ. ಬೇಕಾದ ಸಾಮಾನು ರಾಕೆಟ್ಟಿನಲ್ಲಿ ಬರುತ್ತದೆ. ಆದರೆ ಮಂಗಳ ಗ್ರಹಕ್ಕೆ ಹೋಗುವುದಕ್ಕೇ ಏಳೆಂಟು ತಿಂಗಳು ಬೇಕು. ನಡುದಾರಿಯಲ್ಲಿ ಗಾಳಿ ಶುದ್ಧ ಮಾಡುವ ಯಂತ್ರದ ಒಂದು ಭಾಗ ಮುರಿದರೂ ಜೀವಕ್ಕೆ ಅಪಾಯ. ಎಲ್ಲ ಬಿಡಿಭಾಗ ಹೊತ್ತೊಯ್ಯೋಣ ಅಂದರೆ ಭಾರ ತಡೆಯೋದಿಲ್ಲ.

ಅದಕ್ಕೇ ಅಮೆರಿಕದ ನಾಸಾ ಸಂಸ್ಥೆ 2014ರಲ್ಲಿ ನಿಲ್ದಾಣಕ್ಕೆ ಒಂದು ಯಂತ್ರ ಕಳಿಸಿತು. ಹೆಸರು ತ್ರೀ-ಡಿ ಪ್ರಿಂಟರ್. ಅದು ಪ್ಲಾಸ್ಟಿಕ್ ದಾರವನ್ನು ಕರಗಿಸಿ, ಚಕ್ಕುಲಿ ಒತ್ತಿದ ಹಾಗೆ, ಪದರದ ಮೇಲೆ ಪದರ ಇಡುತ್ತದೆ. ಆ ಡಿಸೆಂಬರಿನಲ್ಲಿ ನೆಲದಿಂದ ಒಂದು ಸ್ಪ್ಯಾನರಿನ ನಕ್ಷೆ ಕಳಿಸಿದರು. ಸ್ಪ್ಯಾನರ್ ಅಂದರೆ ನಟ್ಟು ತಿರುಗಿಸುವ ಪಾನಾ. ಸುಮಾರು 4 ಗಂಟೆಯಲ್ಲಿ ಅದು ಅಲ್ಲೇ ತಯಾರಾಯಿತು! 2024ರಲ್ಲಿ ಯುರೋಪಿನವರ ಯಂತ್ರ ಲೋಹದ ಭಾಗವನ್ನೂ ಮಾಡಿತು.

ಮುರಿದ ಪ್ಲಾಸ್ಟಿಕ್ ಏನಾಗಬೇಕು? ಗುಜರಿಯವರು ಒಯ್ದದ್ದು ಕರಗಿ ಹೊಸ ಬಕೆಟ್ ಆಗುತ್ತದಲ್ಲ, ಹಾಗೇ ಅದನ್ನು ಮತ್ತೆ ದಾರ ಮಾಡುವ ಯಂತ್ರವೂ 2018ರಲ್ಲಿ ಹೋಯಿತು. ಅದು ಅಂದುಕೊಂಡ ಹಾಗೆ ನಡೆಯಲಿಲ್ಲ. ನನಗೆ ಕೇಳಿದರೆ, ಇದೇ ದೊಡ್ಡ ಕೆಲಸ.

ಓದಿ ಹೇಳಿ: ಆ ಸ್ಪ್ಯಾನರ್ ರಾಕೆಟ್ಟಿನಲ್ಲಿ ಹೋಯಿತೇ?