ಬೆಲೆಯೇ ಇಲ್ಲದ ಸರಕಿಗೆ ಪ್ರಚಾರ ಮಾಡಿದವರು ಯಾರು?

ಕಳೆದ ತಿಂಗಳು ನಮ್ಮ ವ್ಯವಹಾರ ಅಧ್ಯಯನ ತರಗತಿಯಲ್ಲಿ ಮಾರುಕಟ್ಟೆ ಮಿಶ್ರಣದ ಪಾಠ ನಡೆಯುತ್ತಿತ್ತು. ಉತ್ಪನ್ನ, ಬೆಲೆ, ಸ್ಥಳ, ಪ್ರಚಾರ ಎಂಬ ನಾಲ್ಕು ಅಂಶಗಳನ್ನು ಬೋರ್ಡಿನ ಮೇಲೆ ಬರೆದು ಸರ್ ಒಂದು ಪ್ರಶ್ನೆ ಕೇಳಿದರು. "ಇದರಲ್ಲಿ ಬೆಲೆಯನ್ನು ಸೊನ್ನೆ ಮಾಡಿದರೆ ಏನಾಗುತ್ತದೆ? ಪ್ರಚಾರಕ್ಕೆ ದುಡ್ಡು ಎಲ್ಲಿಂದ ಬರುತ್ತದೆ?" ಹಿಂದಿನ ಬೆಂಚಿನಿಂದ ಯಾರೋ, "ಅಂಥ ಅಂಗಡಿ ಮರುದಿನವೇ ಬಾಗಿಲು ಹಾಕುತ್ತೆ ಸರ್" ಎಂದರು. ಎಲ್ಲರೂ ನಕ್ಕೆವು. ಸರ್ ಕೂಡ ನಕ್ಕು, "ಹಾಗಾಗದ ಒಂದು ಉದಾಹರಣೆ ಹುಡುಕಿ ನ್ಯೂಸ್‌ಲೆಟರಿಗೆ ಬರೆಯಿರಿ" ಎಂದರು.

ಉದಾಹರಣೆಗಾಗಿ ನಾನು ದೂರ ಹೋಗಬೇಕಾಗಿರಲಿಲ್ಲ. ಅದು ನಮ್ಮ ಅಂಗಡಿಯ ಕಂಪ್ಯೂಟರಿನಲ್ಲೇ ಇತ್ತು. ಆದರೆ ಅದು ಅಲ್ಲಿಗೆ ಬಂದ ಬಗೆ ಹೇಳಬೇಕಾದರೆ ಮೊದಲು ನನ್ನದೇ ಒಂದು ತಪ್ಪನ್ನು ಹೇಳಬೇಕು.

ನಮ್ಮ ಅಂಗಡಿಯಲ್ಲಿ ನಡೆದದ್ದು

ನಮ್ಮದು ಹಾಸಿಗೆ, ದಿಂಬು ಮಾಡುವ ಅಂಗಡಿ. ವ್ಯಾಪಾರದ ಅರ್ಧ ಭಾಗ ಉದ್ರಿ. ಪ್ರಥಮ ಪಿಯುಸಿಯಲ್ಲಿದ್ದಾಗ ನಾನು ಅಬ್ಬಾ ಅವರ ಹಳೆಯ ಲ್ಯಾಪ್‌ಟಾಪಿಗೆ ಲೆಕ್ಕಪತ್ರದ ಒಂದು ತಂತ್ರಾಂಶ ಹಾಕಿಕೊಟ್ಟೆ. ಅದು ಬೀಗ ಮುರಿದ ಕಳ್ಳಪ್ರತಿ. ಸ್ನೇಹಿತನ ಪೆನ್‌ಡ್ರೈವಿನಿಂದ ಬಂದದ್ದು. ಅದನ್ನೇ ಪ್ರತಿ ಮಾಡಿ ಹದಿನಾಲ್ಕು ಜನರಿಗೆ ತಲಾ ಐವತ್ತು ರೂಪಾಯಿಗೆ ಕೊಟ್ಟೆ. ಆಗ ಅದನ್ನು ವ್ಯಾಪಾರ ಜಾಣ್ಮೆ ಎಂದುಕೊಂಡಿದ್ದೆ.

ಏಳು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕಡತ ತೆರೆಯಲಿಲ್ಲ. ಆ ಕಳ್ಳಪ್ರತಿಯ ಜೊತೆಗೇ ಒಂದು ವೈರಸ್ ಬಂದು ಕುಳಿತಿತ್ತಂತೆ. ಏಳು ತಿಂಗಳ ಉದ್ರಿ ಲೆಕ್ಕ ಹೋಯಿತು. ಅಬ್ಬಾ ಬೈಯಲಿಲ್ಲ. ಒಂದೇ ಮಾತು ಕೇಳಿದರು: "ಯೇ ಚೀಜ್ ಕಿಸ್ಕೀ ಥೀ?" ಇದು ಯಾರ ವಸ್ತು ಎಂದು. ನನ್ನ ಬಳಿ ಉತ್ತರವಿರಲಿಲ್ಲ.

ನಾಲ್ಕು ರಾತ್ರಿ ಕೂತು ಚೀಟಿಗಳಿಂದ ಲೆಕ್ಕ ಮತ್ತೆ ಬರೆದೆವು. ಕೆಲವು ಗ್ರಾಹಕರು ತಾವಾಗಿಯೇ ಬಂದು ತಮ್ಮ ಬಾಕಿ ಎಷ್ಟೆಂದು ಹೇಳಿದರು. ಕೆಲವರು ಬರಲಿಲ್ಲ. ಆ ಹಣ ಈವರೆಗೂ ಬಂದಿಲ್ಲ.

ಆ ಭಾನುವಾರ ನಮ್ಮ ಬೀದಿಯ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ಅಣ್ಣ ಬಂದು ಲ್ಯಾಪ್‌ಟಾಪನ್ನು ಸ್ವಚ್ಛ ಮಾಡಿ ಲಿನಕ್ಸ್ ಹಾಕಿಕೊಟ್ಟರು. ಅದರ ಮೇಲೆ ಲಿಬ್ರೆಆಫೀಸ್, ಲೆಕ್ಕಕ್ಕೆ ಗ್ನೂಕ್ಯಾಶ್. ಅಬ್ಬಾ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಚಹಾ ಮಾತ್ರ ಕುಡಿದರು. "ನನಗೂ ಯಾರೋ ಹೀಗೇ ಹಾಕಿಕೊಟ್ಟರು. ನೀನು ಇನ್ನೊಬ್ಬರಿಗೆ ಹಾಕಿಕೊಡು" ಎಂದರು. ಸರ್ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಈ ಮಾತಿನಲ್ಲೇ ಇದೆ.

ಮುಫ್ತ್ ಬೇರೆ, ಆಜಾದ್ ಬೇರೆ

ಇಂಗ್ಲಿಷಿನಲ್ಲಿ 'ಫ್ರೀ' ಎಂಬ ಒಂದೇ ಪದಕ್ಕೆ ಎರಡು ಅರ್ಥ. ನಮ್ಮ ಮನೆಯ ಉರ್ದುವಿನಲ್ಲಿ ಎರಡು ಪದಗಳಿವೆ: ಮುಫ್ತ್ ಮತ್ತು ಆಜಾದ್. ಕನ್ನಡದಲ್ಲೂ ಎರಡಿವೆ: ಉಚಿತ ಮತ್ತು ಸ್ವತಂತ್ರ. ಆದ್ದರಿಂದ ನಮಗೆ ಈ ವಿಷಯ ಬೇಗ ಅರ್ಥವಾಗಬೇಕು.

ಸ್ವತಂತ್ರ ತಂತ್ರಾಂಶ ಎಂದರೆ ನಾಲ್ಕು ಸ್ವಾತಂತ್ರ್ಯಗಳುಳ್ಳ ತಂತ್ರಾಂಶ. ಯಾವ ಉದ್ದೇಶಕ್ಕಾದರೂ ಬಳಸಬಹುದು. ಅದರ ಮೂಲ ಸಂಕೇತವನ್ನು ಓದಿ ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದು ಬದಲಿಸಿಕೊಳ್ಳಬಹುದು. ಪ್ರತಿ ಮಾಡಿ ಇತರರಿಗೆ ಕೊಡಬಹುದು. ಬದಲಿಸಿದ್ದನ್ನೂ ಹಂಚಬಹುದು. ನಮ್ಮ ಅಂಗಡಿಗೆ ಬರುವ ಅನುಭವಸ್ಥ ಗ್ರಾಹಕರು ಹಾಸಿಗೆಯ ಹೊಲಿಗೆ ಬಿಚ್ಚಿ ಒಳಗೆ ಯಾವ ಹತ್ತಿ ತುಂಬಿದ್ದೀರಿ ತೋರಿಸಿ ಎನ್ನುತ್ತಾರೆ. ಮುಕ್ತ ತಂತ್ರಾಂಶ ಹೊಲಿಗೆ ಬಿಚ್ಚಿ ನೋಡಬಹುದಾದ ಹಾಸಿಗೆ. ಇದನ್ನು ಹಣಕ್ಕೆ ಮಾರಲೂ ಅಡ್ಡಿಯಿಲ್ಲ. ಕೊಂಡವನ ಕೈ ಕಟ್ಟಬಾರದು, ಅಷ್ಟೇ.

ನಾನು ಮಾರಿದ ಕಳ್ಳಪ್ರತಿ ಮುಫ್ತ್ ಆಗಿತ್ತು, ಆಜಾದ್ ಆಗಿರಲಿಲ್ಲ. ವ್ಯತ್ಯಾಸ ಇಲ್ಲಿದೆ.

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್ ಬರೆದರು. 1998ರಲ್ಲಿ 'ಓಪನ್ ಸೋರ್ಸ್', ಅಂದರೆ ಮುಕ್ತ ಆಕರ, ಎಂಬ ಹೆಸರು ಬಳಕೆಗೆ ಬಂತು.

ಫೈರ್‌ಫಾಕ್ಸ್: ಬಳಕೆದಾರರೇ ಪ್ರಚಾರಕರು

ಈಗ ಪಾಠದ ನಾಲ್ಕು ಅಂಶಗಳಿಗೆ ಬರೋಣ. ಇದಕ್ಕೆ ಫೈರ್‌ಫಾಕ್ಸ್ ಬ್ರೌಸರಿನ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

ಮೊದಲನೆಯದು ಉತ್ಪನ್ನ. ನೆಟ್‌ಸ್ಕೇಪ್ ಕಂಪನಿ ಬ್ರೌಸರ್ ಪೈಪೋಟಿಯಲ್ಲಿ ಹಿಂದೆ ಬಿದ್ದು 1998ರಲ್ಲಿ ತನ್ನ ಮೂಲ ಸಂಕೇತವನ್ನು ಎಲ್ಲರಿಗೂ ತೆರೆದಿಟ್ಟಿತು. 2003ರಲ್ಲಿ ಮೊಜಿಲ್ಲಾ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು. 2004ರ ನವೆಂಬರ್ 9ರಂದು ಫೈರ್‌ಫಾಕ್ಸ್ 1.0 ಹೊರಬಂತು. ಆಗ ಹತ್ತರಲ್ಲಿ ಒಂಬತ್ತು ಜನ ವಿಂಡೋಸ್ ಜೊತೆಗೇ ಬರುತ್ತಿದ್ದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬಳಸುತ್ತಿದ್ದರು.

ಎರಡನೆಯದು ಬೆಲೆ: ಸೊನ್ನೆ. ಆದರೆ ಎದುರಾಳಿಯೂ ಪ್ರತ್ಯೇಕ ಬೆಲೆ ಕೇಳುತ್ತಿರಲಿಲ್ಲ. ಹಾಗಾಗಿ ಕಡಿಮೆ ಬೆಲೆ ಎಂಬ ಅಸ್ತ್ರ ಇಲ್ಲಿ ನಡೆಯುವಂತಿರಲಿಲ್ಲ.

ಮೂರನೆಯದು ಸ್ಥಳ. ಅಂಗಡಿ, ಗೋದಾಮು, ವಿತರಕ ಯಾರೂ ಇಲ್ಲ. ಡೌನ್‌ಲೋಡ್ ಮಾಡಿಕೊಳ್ಳಬೇಕು. ನಿಧಾನ ಇಂಟರ್‌ನೆಟ್ ಇದ್ದ ಕಡೆ ಜನ ಸಿಡಿಗೆ ಬರೆದು ಕೈಯಿಂದ ಕೈಗೆ ಕೊಟ್ಟರು. ಉಬುಂಟು ಎಂಬ ಲಿನಕ್ಸ್ ಆವೃತ್ತಿಯ ಸಿಡಿಗಳನ್ನು 2005ರಿಂದ 2011ರವರೆಗೆ ಕೇಳಿದವರಿಗೆಲ್ಲ ಅಂಚೆ ಖರ್ಚೂ ಇಲ್ಲದೆ ಕಳುಹಿಸಲಾಗುತ್ತಿತ್ತು.

ನಾಲ್ಕನೆಯದು ಪ್ರಚಾರ. ಇಲ್ಲಿಯೇ ವಿಶೇಷ. 'ಸ್ಪ್ರೆಡ್ ಫೈರ್‌ಫಾಕ್ಸ್' ಎಂಬ ಹೆಸರಿನಲ್ಲಿ ಬಳಕೆದಾರರೇ ಒಂದುಗೂಡಿದರು. 2004ರ ಡಿಸೆಂಬರ್ 16ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಎರಡು ಪೂರ್ಣ ಪುಟಗಳ ಜಾಹೀರಾತು ಬಂತು. ಅದರ ಹಣ ಕೊಟ್ಟವರು ಸುಮಾರು 10,000 ಮಂದಿ ಸಾಮಾನ್ಯ ಬಳಕೆದಾರರು. ಅವರ ಹೆಸರುಗಳನ್ನು ಸಣ್ಣ ಅಕ್ಷರಗಳಲ್ಲಿ ಆ ಜಾಹೀರಾತಿನಲ್ಲೇ ಅಚ್ಚು ಹಾಕಲಾಯಿತು. ಯೋಚಿಸಿ: ಗಿರಾಕಿಗಳೇ ಚಂದಾ ಎತ್ತಿ ಅಂಗಡಿಯ ಜಾಹೀರಾತು ಕೊಟ್ಟಂತೆ!

2006ರ ಆಗಸ್ಟಿನಲ್ಲಿ ಅಮೆರಿಕದ ಆರೆಗಾನ್ ರಾಜ್ಯ ವಿಶ್ವವಿದ್ಯಾಲಯದ ಲಿನಕ್ಸ್ ಬಳಗದ ವಿದ್ಯಾರ್ಥಿಗಳು ಒಂದು ಓಟ್ಸ್ ಹೊಲದಲ್ಲಿ ಹಲಗೆ, ಹಗ್ಗಗಳಿಂದ ಪೈರು ಮಲಗಿಸಿ ಫೈರ್‌ಫಾಕ್ಸ್ ಲಾಂಛನ ಬಿಡಿಸಿದರು. ಅದರ ವ್ಯಾಸ ಸುಮಾರು 220 ಅಡಿ. ಪೂರ್ತಿ ಕಾಣಬೇಕಾದರೆ ಆಕಾಶದಿಂದಲೇ ನೋಡಬೇಕು. 2008ರ ಜೂನ್ 17ರಂದು ಮೂರನೆಯ ಆವೃತ್ತಿ ಬಂದಾಗ 24 ಗಂಟೆಗಳಲ್ಲಿ 80,02,530 ಡೌನ್‌ಲೋಡ್ ಆಗಿ ಗಿನ್ನೆಸ್ ದಾಖಲೆಯಾಯಿತು.

ಇಲ್ಲಿಗೆ ನಿಲ್ಲಿಸಿದರೆ ಇದು ಬರೀ ಹೊಗಳಿಕೆಯಾಗುತ್ತದೆ. ವಾಣಿಜ್ಯ ವಿದ್ಯಾರ್ಥಿ ಇನ್ನೊಂದು ಬದಿಯನ್ನೂ ನೋಡಬೇಕು. ಸಂಬಳ ಪಡೆಯುವ ಇಂಜಿನಿಯರುಗಳೂ ಮೊಜಿಲ್ಲಾದಲ್ಲಿದ್ದಾರೆ. ಆ ಹಣದ ಬಹುಪಾಲು ಹುಡುಕುತಾಣದ ಕಂಪನಿಗಳೊಂದಿಗಿನ ಒಪ್ಪಂದದಿಂದ ಬರುತ್ತದೆ. ಅಂದರೆ ಬೆಲೆ ಸೊನ್ನೆ ಎಂದರೆ ಆದಾಯ ಸೊನ್ನೆ ಎಂದಲ್ಲ. 2008ರ ಸೆಪ್ಟೆಂಬರಿನಲ್ಲಿ ಗೂಗಲ್ ತನ್ನ ಕ್ರೋಮ್ ತಂದಿತು. ಮುಂದಿನ ವರ್ಷಗಳಲ್ಲಿ ಫೈರ್‌ಫಾಕ್ಸಿನ ಪಾಲು ಕುಸಿಯಿತು. ಪ್ರಚಾರದ ಉತ್ಸಾಹ ಜನರನ್ನು ಬಾಗಿಲವರೆಗೆ ಕರೆತರಬಹುದು, ಉಳಿಸಿಕೊಳ್ಳುವುದು ಉತ್ಪನ್ನದ ಕೆಲಸ.

ನಮ್ಮ ಕಡೆ

ನಮ್ಮ ರಾಜ್ಯಕ್ಕೂ ಈ ಕಥೆಯಲ್ಲಿ ಪಾಲಿದೆ. ಬೆಂಗಳೂರಿನಲ್ಲಿ 2001ರಲ್ಲಿ 'ಲಿನಕ್ಸ್ ಬೆಂಗಳೂರು' ಎಂಬ ಸಮ್ಮೇಳನವನ್ನು ಸ್ವಯಂಸೇವಕರು ಆರಂಭಿಸಿದರು. ಮುಂದೆ 'ಫಾಸ್ ಡಾಟ್ ಇನ್' ಎಂದು ಹೆಸರು ಬದಲಾಯಿಸಿಕೊಂಡು 2012ರವರೆಗೆ ನಡೆಯಿತು. ಸ್ವತಂತ್ರ ತಂತ್ರಾಂಶ ಚಳವಳಿ ಕರ್ನಾಟಕ ಎಂಬ ಬಳಗ ಕಾಲೇಜುಗಳಲ್ಲಿ ಬಳಕೆದಾರರ ಗುಂಪುಗಳನ್ನು ಕಟ್ಟಿದೆ. ಪಕ್ಕದ ಕೇರಳದಲ್ಲಿ ಸರಕಾರಿ ಶಾಲೆಗಳ ಕಂಪ್ಯೂಟರ್ ಪಾಠವೇ ಮುಕ್ತ ತಂತ್ರಾಂಶದ ಮೇಲೆ ನಡೆಯುತ್ತದೆ.

2004ರಿಂದ ಲೋಕದ ಹಲವು ಊರುಗಳಲ್ಲಿ ತಂತ್ರಾಂಶ ಸ್ವಾತಂತ್ರ್ಯ ದಿನ ಆಚರಿಸುತ್ತಾರೆ. ಸಾಮಾನ್ಯವಾಗಿ ಸೆಪ್ಟೆಂಬರಿನ ಮೂರನೆಯ ಶನಿವಾರ. ಇಂಥ ದಿನಗಳಲ್ಲಿ ನಡೆಯುವ ಮುಖ್ಯ ಕೆಲಸಕ್ಕೆ 'ಇನ್‌ಸ್ಟಾಲ್ ಫೆಸ್ಟ್' ಎನ್ನುತ್ತಾರೆ. ಜನ ತಮ್ಮ ಲ್ಯಾಪ್‌ಟಾಪ್ ತರುತ್ತಾರೆ. ಸ್ವಯಂಸೇವಕರು ಮೊದಲು ಎಲ್ಲ ಕಡತಗಳ ಪ್ರತಿ ತೆಗೆದಿಡುತ್ತಾರೆ. ನಂತರ ಪೆನ್‌ಡ್ರೈವಿನಿಂದಲೇ ಲಿನಕ್ಸ್ ಓಡಿಸಿ ತೋರಿಸುತ್ತಾರೆ. ಆಗ ಕಂಪ್ಯೂಟರಿನ ಒಳಗೆ ಏನೂ ಬದಲಾಗುವುದಿಲ್ಲ. ಇಷ್ಟವಾದರೆ ಮಾತ್ರ ಹಾಕಿಕೊಡುತ್ತಾರೆ. ಇಷ್ಟವಾಗದಿದ್ದರೆ ಪೆನ್‌ಡ್ರೈವ್ ತೆಗೆದು ಮನೆಗೆ ಹೋಗಬಹುದು.

ನಮ್ಮ ಅಂಗಡಿಯ ಅನುಭವವನ್ನೂ ಪ್ರಾಮಾಣಿಕವಾಗಿ ಹೇಳುತ್ತೇನೆ. ಮೊದಲ ವಾರ ಪ್ರಿಂಟರ್ ಕೆಲಸ ಮಾಡಲಿಲ್ಲ. ಅಬ್ಬಾ ಎರಡು ಸಲ ಹಳೆಯದೇ ಇರಲಿ ಎಂದರು. ಗ್ನೂಕ್ಯಾಶ್ ಜೋಡಿ ನಮೂದು ಪದ್ಧತಿಯಲ್ಲಿ ಲೆಕ್ಕ ಇಡುತ್ತದೆ, ಹಾಗಾಗಿ ಪಾಠದಲ್ಲಿ ಓದಿದ್ದನ್ನು ನಾನು ಅಂಗಡಿಯಲ್ಲೇ ಕಲಿತೆ. ಆದರೆ ನಮ್ಮ ದೇಶದ ಜಿಎಸ್‌ಟಿ ವಿವರಪಟ್ಟಿ ಅದರಿಂದ ನೇರವಾಗಿ ತಯಾರಾಗುವುದಿಲ್ಲ. ಲೆಕ್ಕಿಗರಿಗೆ ಕೊಡಲು ನಾನು ಪ್ರತಿ ತಿಂಗಳು ಲಿಬ್ರೆಆಫೀಸಿನಲ್ಲಿ ಒಂದು ಪಟ್ಟಿ ಮಾಡುತ್ತೇನೆ. ಇದಕ್ಕೆ ಎರಡು ಗಂಟೆ ಬೇಕು. ಅವಕಾಶ ವೆಚ್ಚ ಎಂದು ಅರ್ಥಶಾಸ್ತ್ರದಲ್ಲಿ ಓದಿದ್ದೇವಲ್ಲ, ಅದು ಇದೇ. ಹಣ ಕೊಡುವ ಬದಲು ಸಮಯ ಕೊಡುತ್ತಿದ್ದೇನೆ. ಆದರೂ ಈಗ ಯಾರಾದರೂ "ಇದು ಯಾರ ವಸ್ತು?" ಎಂದರೆ ನನ್ನ ಬಳಿ ಉತ್ತರವಿದೆ.

ಕೋಡ್ ಬಾರದವರು ಏನು ಮಾಡಬಹುದು?

ನನಗೆ ಪ್ರೋಗ್ರಾಮಿಂಗ್ ಬರುವುದಿಲ್ಲ. ಆದರೆ ತಂತ್ರಾಂಶ ಬರೆಯುವುದು ಮಾತ್ರವೇ ಕೊಡುಗೆಯಲ್ಲ. ದೋಷ ಕಂಡರೆ ವಿವರವಾಗಿ ವರದಿ ಮಾಡುವುದು, ಕೈಪಿಡಿ ಬರೆಯುವುದು, ಹೊಸಬರಿಗೆ ಕಲಿಸುವುದು ಇವೂ ಕೊಡುಗೆಗಳೇ. ಮತ್ತೊಂದು ಅನುವಾದ. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎರಡೂ ಕನ್ನಡದಲ್ಲಿ ಸಿಗುತ್ತವೆ ಎಂದರೆ ಅದರ ಹಿಂದೆ ಬಿಡುವಿನ ವೇಳೆಯಲ್ಲಿ ಪದ ಪದವನ್ನು ಕನ್ನಡಕ್ಕೆ ತಂದವರಿದ್ದಾರೆ. ಒಬ್ಬರು ಅನುವಾದ ಮಾಡಿದ್ದನ್ನು ಇನ್ನೊಬ್ಬರು ನೋಡಿ ಒಪ್ಪುತ್ತಾರೆ.

ಈ ಕೆಲಸಕ್ಕೆ ಕೈ ಹಾಕಲು ನನಗೆ ಅಂಜಿಕೆಯಿತ್ತು. ಮನೆಯಲ್ಲಿ ಉರ್ದು ಮಾತಾಡುವ ನಾನು ಕನ್ನಡದ ಪದ ಹೇಗೆ ಆರಿಸಲಿ? ಒಂದು ಸಂಜೆ ಲೆಕ್ಕಪತ್ರದ ಪದಗಳನ್ನು ಪಟ್ಟಿ ಮಾಡುತ್ತಾ ಕೂತೆ. ಜಮಾ, ಖರ್ಚು, ಬಾಕಿ, ವಸೂಲಿ, ನಗದು, ರಸೀದಿ, ಅಸಲು, ಕರಾರು. ದಾದಿ ಪಕ್ಕದಲ್ಲಿ ಕೂತು ಕೇಳುತ್ತಿದ್ದವರು, "ಇದೆಲ್ಲ ನಮ್ಮ ಮಾತೇ ಅಲ್ಲವಾ?" ಎಂದರು. ನಿಜ. ಅರಬ್ಬಿ, ಪಾರಸಿಯಿಂದ ಬಂದ ಈ ಪದಗಳು ಕನ್ನಡದ ಅಂಗಡಿಗಳಲ್ಲಿ ಎಷ್ಟೋ ಕಾಲದಿಂದ ನಡೆಯುತ್ತಿವೆ. ಹಳ್ಳಿಯಿಂದ ಬರುವ ನಮ್ಮ ಗ್ರಾಹಕರು ಇವನ್ನು ಕನ್ನಡವೆಂದೇ ಆಡುತ್ತಾರೆ, ನಾವು ಉರ್ದು ಎಂದು ಆಡುತ್ತೇವೆ. ಅಂದು ನನ್ನ ಅಂಜಿಕೆ ಹೋಯಿತು. ಪುಸ್ತಕದಲ್ಲಷ್ಟೇ ಇರುವ ಕಠಿಣ ಪದಕ್ಕಿಂತ ಅಂಗಡಿಯವನಿಗೆ ತಿಳಿಯುವ ಪದ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಈಗ ವಾರಕ್ಕೆ ಹತ್ತು ಪದ ಸೂಚಿಸುತ್ತೇನೆ. ಎಲ್ಲವೂ ಒಪ್ಪಿಗೆಯಾಗುವುದಿಲ್ಲ. ಆದರೂ ಪಾಠದ ಪದಗಳು ಮರೆಯುವುದಿಲ್ಲ.

ಕೊನೆಯ ಮಾತು

ಸರ್ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಬೆಲೆ ಸೊನ್ನೆಯಾದರೂ ಪ್ರಚಾರಕ್ಕೆ ಖರ್ಚಿದೆ. ಆ ಖರ್ಚನ್ನು ಸಮಯದ ರೂಪದಲ್ಲಿ, ಶ್ರಮದ ರೂಪದಲ್ಲಿ, ಕೆಲವೊಮ್ಮೆ ಚಂದಾ ರೂಪದಲ್ಲಿ ಬಳಕೆದಾರರೇ ಹೊರುತ್ತಾರೆ. ಯಾಕೆ ಹೊರುತ್ತಾರೆ? ಅದು ತಮ್ಮದು ಎಂದು ಅವರಿಗೆ ಅನಿಸುವುದರಿಂದ.

ಬರುವ ಸೆಪ್ಟೆಂಬರಿನ ಮೂರನೆಯ ಶನಿವಾರ ನಮ್ಮ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಒಂದು ಸಣ್ಣ ಇನ್‌ಸ್ಟಾಲ್ ಫೆಸ್ಟ್ ನಡೆಸಲು ಅನುಮತಿ ಕೋರಿ ಪ್ರಾಂಶುಪಾಲರಿಗೆ ಪತ್ರ ಕೊಟ್ಟಿದ್ದೇವೆ. ನಮ್ಮ ಬೀದಿಯ ಅಣ್ಣ ಬರಲು ಒಪ್ಪಿದ್ದಾರೆ. ಬರುವವರು ಲ್ಯಾಪ್‌ಟಾಪ್, ಚಾರ್ಜರ್ ಮತ್ತು ಖಾಲಿ ಪೆನ್‌ಡ್ರೈವ್ ತನ್ನಿ.

ಇನ್ನೊಂದು ಮಾತು. ನನ್ನಿಂದ ಆ ಕಳ್ಳಪ್ರತಿ ಕೊಂಡ ಹದಿನಾಲ್ಕು ಮಂದಿಯಲ್ಲಿ ಒಂಬತ್ತು ಮಂದಿಗೆ ಐವತ್ತು ರೂಪಾಯಿ ಹಿಂದಿರುಗಿಸಿದ್ದೇನೆ. ಉಳಿದ ಐವರು ಯಾರೆಂದು ನಿಮಗೇ ಗೊತ್ತು. ದಯವಿಟ್ಟು ಬಂದು ಹಣ ತೆಗೆದುಕೊಳ್ಳಿ, ಬರುವಾಗ ಲ್ಯಾಪ್‌ಟಾಪನ್ನೂ ತನ್ನಿ. ನಿಮ್ಮ ಮನೆಯ ಲೆಕ್ಕವೂ ನಮ್ಮದರಂತೆ ಹೋಗುವ ಮುಂಚೆ ಅದನ್ನು ತೆಗೆದುಹಾಕೋಣ.