ವಿಮಾನ ನಿಂತ ವರ್ಷಗಳಲ್ಲಿ ವಿದ್ಯಾರ್ಥಿ ವಿನಿಮಯ: ಚೆನ್ನೈಯ ಅನುಭವ

ಕೊರೋನಾದಿಂದಾಗಿ 2020ರ ಮಾರ್ಚ್‌ನಲ್ಲಿ ನಿಂತುಹೋದ ಭಾರತದ ಅಂತರರಾಷ್ಟ್ರೀಯ ವಿಮಾನಗಳು ಮತ್ತೆ ಎಂದಿನಂತೆ ಹಾರತೊಡಗಿದ್ದು 2022ರ ಮಾರ್ಚ್ 27ಕ್ಕೆ. ಚೆನ್ನೈಯ ಕಾಲೇಜೊಂದರಲ್ಲಿ ವಿನಿಮಯ ಕಾರ್ಯಕ್ರಮ ನೋಡಿಕೊಳ್ಳುವ ನಾನು ಆ ಎರಡು ವರ್ಷ ಜರ್ಮನಿಯ ಜೊತೆಗಾರರೊಂದಿಗೆ ಎಲ್ಲವನ್ನೂ ಆನ್‌ಲೈನ್‌ನಲ್ಲೇ ನಡೆಸಬೇಕಾಯಿತು. ಕರ್ನಾಟಕದ ಕಾಲೇಜುಗಳಲ್ಲಿ ಈ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾದೀತೆಂದು ಕಲಿತದ್ದನ್ನು ಬರೆದಿಟ್ಟಿದ್ದೇನೆ.

1. ವೆಬಿನಾರ್ ನಡೆಸಿದರೆ ವಿನಿಮಯ ಆಗುವುದಿಲ್ಲ.
ಉಪನ್ಯಾಸವೇ ಬೇಕಿದ್ದರೆ ಎನ್‌ಪಿಟಿಇಎಲ್ ಜಾಲತಾಣದಲ್ಲಿ ಬೇಕಾದಷ್ಟಿದೆ. ಹೊರದೇಶಕ್ಕೆ ಹೋದ ವಿದ್ಯಾರ್ಥಿ ಹೆಚ್ಚು ಕಲಿಯುವುದು ಹಾಸ್ಟೆಲಿನ ಅಡುಗೆಮನೆಯಲ್ಲಿ, ಲ್ಯಾಬ್‌ನಲ್ಲಿ ಪಕ್ಕದವನ ಜೊತೆ ತಪ್ಪು ಹುಡುಕುವಾಗ. ಪರದೆಯ ಮೇಲೂ ಅಂಥದ್ದೇನಾದರೂ ಆಗಬೇಕಾದರೆ ಇಬ್ಬರು ಸೇರಿ ಮಾಡಿ ಮುಗಿಸಬೇಕಾದ ಒಂದು ಕೆಲಸವಿರಬೇಕು. ಇದೇನೂ ಕೊರೋನಾ ಕಾಲದ ಶೋಧವಲ್ಲ. ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯ 2006ರಲ್ಲೇ ಇಂಥ ಜಂಟಿ ಆನ್‌ಲೈನ್ ಕಲಿಕೆಗೆಂದು ಕೇಂದ್ರ ತೆರೆದಿತ್ತು. ನಾವು ಅದರತ್ತ ನೋಡಿದ್ದು ವಿಮಾನ ನಿಂತ ಮೇಲೆ.

2. ಕೆಲಸದ ವಿಷಯ ಇಬ್ಬರ ಮನೆಯಲ್ಲೂ ಇರಲಿ.
ನಾವು ಆರಿಸಿಕೊಂಡದ್ದು ನೀರು. 2019ರ ಬೇಸಿಗೆಯಲ್ಲಿ ಪೂಂಡಿ, ಚೋಳಾವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ನಾಲ್ಕೂ ಜಲಾಶಯಗಳು ಬರಿದಾಗಿದ್ದು ಚೆನ್ನೈಯ ಮಕ್ಕಳಿಗೆ ಚೆನ್ನಾಗಿ ನೆನಪಿತ್ತು. ಆ ವರ್ಷದ ಜುಲೈ 12ರಂದು ಜೋಲಾರ್‌ಪೇಟೆಯಿಂದ 25 ಲಕ್ಷ ಲೀಟರ್ ನೀರು ಹೊತ್ತ ರೈಲು ಬಂದು ನಿಂತದ್ದು ವಿಲ್ಲಿವಾಕ್ಕಂನಲ್ಲಿ. ಅದೇ ವಿಲ್ಲಿವಾಕ್ಕಂನ ಹುಡುಗಿಯೊಬ್ಬಳು ನಮ್ಮ ಗುಂಪಿನಲ್ಲಿದ್ದಳು. ಮನೆಯಲ್ಲಿ ದಿನಕ್ಕೆ ಎಷ್ಟು ನೀರು ಖರ್ಚಾಗುತ್ತದೆಂದು ಇವಳೂ ಜರ್ಮನಿಯ ಜೊತೆಗಾತಿಯೂ ಅಳೆಯಬೇಕಿತ್ತು. ಇವಳು ಕೊಡಗಳ ಲೆಕ್ಕ ಕೊಟ್ಟಳು. ಒಂದು ಕೊಡಕ್ಕೆ ಎಷ್ಟು ಲೀಟರ್ ಎಂದು ಜರ್ಮನಿಯ ಹುಡುಗಿ ಕೇಳಿದಾಗ ಇವಳಲ್ಲಿ ಉತ್ತರವಿರಲಿಲ್ಲ. ಹಸಿರು ಪ್ಲಾಸ್ಟಿಕ್ ಕೊಡವೊಂದನ್ನು ಫೋನಿನೆದುರು ಇಟ್ಟು, ಲೀಟರ್ ಬಾಟಲಿಯಿಂದ ಸುರಿಯುತ್ತಾ ಎಣಿಸಿದಳು. ಹದಿನೈದಕ್ಕೆ ತುಂಬಿತು. ಈಗ ಆ ಕಡೆಯವಳ ಸರದಿ. ತನ್ನ ಕಟ್ಟಡದ ನೀರಿನ ಮೀಟರ್ ಎಲ್ಲಿದೆಯೆಂದೇ ಅವಳಿಗೆ ಗೊತ್ತಿರಲಿಲ್ಲ. ಫೋನಿನ ಟಾರ್ಚ್ ಹಾಕಿಕೊಂಡು ನೆಲಮಾಳಿಗೆಗೆ ಇಳಿದು, ಹುಡುಕಿ, ಅಂಕಿಗಳನ್ನು ಓದಿ ಹೇಳಿದಳು. ಅಲ್ಲಿಂದ ಮುಂದಕ್ಕೆ ಇಬ್ಬರಿಗೂ ಮಾತಿಗೆ ಬರವಿರಲಿಲ್ಲ. ತಮಿಳುನಾಡು 2003ರಲ್ಲೇ ಮಳೆನೀರು ಸಂಗ್ರಹ ಕಡ್ಡಾಯ ಮಾಡಿದೆ, ಆದರೂ ನಿಮ್ಮ ಕೆರೆ ಹೇಗೆ ಬತ್ತಿತು ಎಂಬ ಪ್ರಶ್ನೆಯನ್ನು ಜರ್ಮನ್ ವಿದ್ಯಾರ್ಥಿಗಳು ಕೇಳಿದ್ದು ಇದಾದ ಮೇಲೆ. ಕೊಡ ಎತ್ತುವ ಕೆಲಸ ಮನೆಯಲ್ಲಿ ಯಾರ ಪಾಲಿಗೆ ಬರುತ್ತದೆ ಎಂಬುದೂ ಚರ್ಚೆಗೆ ಬಂತು. ಯಾವ ಉಪನ್ಯಾಸದಿಂದಲೂ ಈ ಪ್ರಶ್ನೆಗಳು ಹುಟ್ಟುತ್ತಿರಲಿಲ್ಲ.

3. ಸಮಯ ನಿಗದಿಪಡಿಸುವಾಗ ಎರಡೂ ಕಡೆಯ ಮನೆಗಳನ್ನು ನೆನೆಯಿರಿ.
ಜರ್ಮನಿಯವರು ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ. ಮೂರೂವರೆ ಗಂಟೆಯ ಅಂತರ ನಾಲ್ಕೂವರೆಯಾಗುತ್ತದೆ. ಅವರ ಮಧ್ಯಾಹ್ನ ಮೂರರ ತರಗತಿ ಇಲ್ಲಿ ಸಂಜೆ ಆರೂವರೆಗೆ ಇದ್ದದ್ದು ಏಳೂವರೆಗೆ ಬರುತ್ತದೆ. ಒಂದೇ ಕೋಣೆಯ ಮನೆಯಲ್ಲಿ ಏಳೂವರೆ ಎಂದರೆ ಅಪ್ಪ ಕೆಲಸದಿಂದ ಬಂದು, ಟಿವಿ ಹಚ್ಚಿ, ಅಡುಗೆ ನಡೆಯುವ ಹೊತ್ತು. ಎರಡೂ ಋತುಗಳ ವೇಳಾಪಟ್ಟಿಯನ್ನು ಮೊದಲೇ ಬರೆದುಕೊಳ್ಳಿ.

4. ಕ್ಯಾಮೆರಾ ಕಡ್ಡಾಯ ಮಾಡಬೇಡಿ.
ತಮಿಳುನಾಡು ಸರ್ಕಾರ 2021ರ ಜನವರಿಯಿಂದ ಏಪ್ರಿಲ್‌ವರೆಗೆ ಒಂಬತ್ತು ಲಕ್ಷಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳಿಗೆ ದಿನಕ್ಕೆ 2 ಜಿಬಿ ಡೇಟಾ ಉಚಿತವಾಗಿ ಕೊಡುವುದಾಗಿ ಘೋಷಿಸಿತು. ದೊಡ್ಡ ನೆರವು ಅದು. ಆದರೆ ಡೇಟಾ ಇದ್ದರೂ ಮಾತಾಡಲು ಒಂದು ಮೂಲೆ ಬೇಕಲ್ಲ. ಎಷ್ಟೋ ಮಕ್ಕಳು ತಾರಸಿಯ ಮೇಲೆ ನಿಂತು ಮಾತಾಡಿದರು. 2020ರ ನವೆಂಬರ್‌ನಲ್ಲಿ ನಿವಾರ್ ಚಂಡಮಾರುತ ಬಂದಾಗ ಅದೂ ತಪ್ಪಿತು. ಧ್ವನಿ ಸಂದೇಶ, ಫೋಟೊ, ಹಂಚಿಕೊಂಡ ಒಂದು ಕಡತ ಇಷ್ಟರಲ್ಲೇ ಮುಂದುವರಿಯುವ ಹಾಗೆ ಕೆಲಸವನ್ನು ರೂಪಿಸಿದ್ದರಿಂದ ಯಾರೂ ಹಿಂದೆ ಬೀಳಲಿಲ್ಲ.

5. ಕ್ರೆಡಿಟ್ ವಿಚಾರ ಮೊದಲೇ ಕಾಗದದಲ್ಲಿ ಆಗಲಿ.
ಅಂಕಪಟ್ಟಿಯಲ್ಲಿ ಬಾರದ ಕೆಲಸವನ್ನು ಪರೀಕ್ಷೆ ಹತ್ತಿರ ಬಂದ ಕೂಡಲೇ ಮಕ್ಕಳು ಬಿಡುತ್ತಾರೆ. ಅದು ಅವರ ತಪ್ಪಲ್ಲ.

6. ವಿಮಾನ ಹಾರತೊಡಗಿದ ಮೇಲೂ ಆನ್‌ಲೈನ್ ವಿನಿಮಯವನ್ನು ಉಳಿಸಿಕೊಳ್ಳಿ.
ಕೂತಲ್ಲೇ ಮಾಡಿದ ವಿನಿಮಯ ಪ್ರಯಾಣಕ್ಕೆ ಸಮನಾಗದು. ಅಪರಿಚಿತ ಊರಿನಲ್ಲಿ ದಾರಿ ತಪ್ಪುವ ಭಯ, ಅದರಿಂದ ಬರುವ ಧೈರ್ಯ ಎರಡೂ ಪರದೆಯಲ್ಲಿ ಸಿಗುವುದಿಲ್ಲ. ಆದರೆ ಮೊದಲೆಲ್ಲ ನಮ್ಮ ಅರ್ಜಿ ತುಂಬುತ್ತಿದ್ದವರು ಬ್ಯಾಂಕಿನಲ್ಲಿ ಹಣ ತೋರಿಸಬಲ್ಲ ಮನೆಯವರು. ವಿಲ್ಲಿವಾಕ್ಕಂನ ಆ ಹುಡುಗಿ ಪಾಸ್‌ಪೋರ್ಟ್ ಮಾಡಿಸಿರಲಿಲ್ಲ, ಮಾಡಿಸುವ ಯೋಚನೆಯೂ ಮನೆಯಲ್ಲಿ ಇರಲಿಲ್ಲ; ಆನ್‌ಲೈನ್ ಆದ್ದರಿಂದಲೇ ಅವಳಿಗೂ ಅವಕಾಶ ಸಿಕ್ಕಿತು. ಯುರೋಪಿನ ವಿದ್ಯಾರ್ಥಿ ವಿನಿಮಯ ಯೋಜನೆ ಎರಾಸ್ಮಸ್+ ಈಗ ಆನ್‌ಲೈನ್ ಕಲಿಕೆಯ ಜೊತೆಗೆ 5ರಿಂದ 30 ದಿನಗಳ ಭೇಟಿಯನ್ನು ಸೇರಿಸಿದ ಕಿರು ಕಾರ್ಯಕ್ರಮಗಳನ್ನು ನಡೆಸುತ್ತಿದೆ. ನಮ್ಮಲ್ಲೂ ಅಂಥ ಒಂದು ಕ್ರಮ ಬರಲಿ: ಮೊದಲು ಎಲ್ಲರಿಗೂ ಆನ್‌ಲೈನ್ ಜಂಟಿ ಕೆಲಸ, ಪ್ರಯಾಣದ ವಿದ್ಯಾರ್ಥಿವೇತನಕ್ಕೆ ಅಲ್ಲಿ ಚೆನ್ನಾಗಿ ದುಡಿದವರ ಆಯ್ಕೆ, ಪಾಸ್‌ಪೋರ್ಟ್ ಶುಲ್ಕ ಕಾಲೇಜಿನ ಖರ್ಚಿನಲ್ಲಿ.